ಕೇರೆಹಾವಿನ ಪರವಾಗಿ

ಮದುವೆ ಊಟದಲ್ಲಿ ಪಕ್ಕದ ಎಲೆಯ ಹಿರಿಯರು ಕೋಸಂಬರಿಗೆ ಶುರು ಮಾಡಿದವರು ಹೋಳಿಗೆ ಬಂದರೂ ನಿಲ್ಲಿಸಲಿಲ್ಲ. ಪುಟ್ಟಣ್ಣ ಕಣಗಾಲ್ 'ನಾಗರಹಾವು' ಸಿನಿಮಾದಲ್ಲಿ ಕಾದಂಬರಿಯ ಆತ್ಮವನ್ನೇ ಕೊಂದುಬಿಟ್ಟರಂತೆ. 'ಯಾವ ಕಾದಂಬರಿದು ಸಾರ್?' ಎಂದೆ. 'ಯಾವುದು ಅಂದ್ರೆ?' ಎಂದರು. ತರಾಸು ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಮೂರೂ ಸೇರಿ ಆದ ಸಿನಿಮಾ ಅಲ್ವಾ ಅದು? ಅವರು ಹಪ್ಪಳದ ಕಡೆ ತಿರುಗಿದರು. ಪುಸ್ತಕ ಮುಟ್ಟದವರಿಗೇ ಆತ್ಮದ ಚಿಂತೆ ಜಾಸ್ತಿ.

ಸ್ವತಃ ತರಾಸು ಅವರೇ ಸಿನಿಮಾ ನೋಡಿ, ಇದು ನಾಗರಹಾವಲ್ಲ, ಕೇರೆಹಾವು ಅಂದಿದ್ದರಂತೆ. ಬರೆದವರು, ಅವರಿಗೆ ಹಕ್ಕಿದೆ. ಆದರೆ ಕೇರೆಹಾವು ಏನು ಪಾಪ ಮಾಡಿತ್ತು? ವಿಷವಿಲ್ಲ. ಗದ್ದೆಯ ಇಲಿ ತಿಂದು ರೈತನಿಗೆ ಉಪಕಾರ ಮಾಡುತ್ತದೆ. ಎರಡು ಮೀಟರ್ ದಾಟಿ ಬೆಳೆಯುತ್ತದೆ. ಹೆಡೆಯೊಂದಿಲ್ಲ, ಅಷ್ಟೇ. ಅದಕ್ಕೇ ಪಂಚಮಿಯ ಹಾಲು ನಾಗರನಿಗೆ, ನಾಗರ ಅಂದುಕೊಂಡು ಬೀಳುವ ದೊಣ್ಣೆ ಏಟು ಇದಕ್ಕೆ. ನಮ್ಮಜ್ಜಿ ಮನೆಯ ಸೌದೆ ರಾಶಿಯಲ್ಲೂ ಒಂದಿತ್ತು. ಯಾರಾದರೂ ದೊಣ್ಣೆ ಎತ್ತಿದರೆ ಅಜ್ಜಿ ಅಡ್ಡ ನಿಂತು, 'ನಾಳೆಯಿಂದ ಇಲಿ ಹಿಡಿಯೋಕೆ ನೀನು ಬರ್ತೀಯೇನೋ?' ಎಂದು ಗದರುತ್ತಿದ್ದರು. ಒಮ್ಮೆ ಸೋದರಮಾವ ಅದು ನಾಗರವೇ ಎಂದು ಹಟ ಹಿಡಿದು, ಹೆಡೆಯನ್ನೂ ಕಂಡೆ ಎಂದು ಆಣೆ ಹಾಕಿ, ಕೊನೆಗೆ ಅದು ತನ್ನತ್ತ ಹರಿದಾಗ ಎಗರಿ ಅಟ್ಟ ಹತ್ತಿದ. ಹಾವು ತನ್ನ ಪಾಡಿಗೆ ಹಿತ್ತಲಿಗೆ ಹೋಯಿತು. ಮಾವನನ್ನು ಇಳಿಸಲು ಪಕ್ಕದ ಮನೆಯಿಂದ ಏಣಿ ತರಬೇಕಾಯಿತು.

ಎಲ್ಲಿದ್ದೆ? ಹಾಂ, ಆತ್ಮ. 'ನಾಗರಹಾವು' ಬಂದ 1972ರಲ್ಲೇ ಬಂದ 'ಬಂಗಾರದ ಮನುಷ್ಯ' ಕೂಡ ಟಿ.ಕೆ. ರಾಮರಾವ್ ಅವರ ಕಾದಂಬರಿಯದ್ದೇ. ಅದರ ಆತ್ಮ ಎಲ್ಲಿ ಹೋಯಿತು ಎಂದು ಊಟದ ಪಂಕ್ತಿಯಲ್ಲಿ ಯಾರೂ ಕೇಳಿದ್ದು ನಾನು ಕಾಣೆ. ಮೂರು ಕಾದಂಬರಿಗಳನ್ನು ಒಂದೇ ಸಿನಿಮಾಕ್ಕೆ ತುಂಬಿಸುವಾಗ ಏನೋ ಬಿಟ್ಟುಹೋಗುತ್ತದೆ, ಇನ್ನೇನೋ ಊದಿಕೊಳ್ಳುತ್ತದೆ. ಊದಿಕೊಂಡಿದ್ದೇ ಇಷ್ಟವಾದರೆ ನಾವು ಸುಮ್ನೆ ಇರುತ್ತೇವೆ. ಜಯಂತಿ ಓಬವ್ವನಾಗಿ ಒನಕೆ ಎತ್ತಿದಾಗ ಯಾರಿಗೂ ಆತ್ಮದ ನೆನಪಿಲ್ಲ.

ನನಗೆ ನಿಜವಾಗಿ ಸಿಟ್ಟಿರುವುದು ಸಿನಿಮಾದಲ್ಲಿ ಚಾಮಯ್ಯ ಮೇಷ್ಟ್ರಾದ ಕೆ.ಎಸ್. ಅಶ್ವಥ್ ಮೇಲೆ. ಪುಸ್ತಕ ತೆರೆದು, ಈ ಸಲ ನನ್ನದೇ ಒಬ್ಬ ಚಾಮಯ್ಯ ಮೇಷ್ಟ್ರನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳೋಣ, ಬೇಕಾದರೆ ಸ್ವಲ್ಪ ಕುಳ್ಳಗಿರಲಿ, ನಶ್ಯ ಹಾಕಲಿ ಅಂತೆಲ್ಲ ಕೂರುತ್ತೇನೆ. ಎರಡು ಪುಟದೊಳಗೆ ಅಶ್ವಥ್ ಬಂದು, ಮನೆಯವರ ಹಾಗೆ ಕೂತಿರುತ್ತಾರೆ. ಹೋಗಿ ಸಾರ್ ಅನ್ನಲು ಬಾಯಿ ಬರುವುದಿಲ್ಲ.