ಮಗುವಿನ ಮೂಗಲ್ಲಿ ದುರ್ಮಾಂಸ ಇದ್ದರೆ ಬೆವರೂ ಪರೀಕ್ಷೆ ಮಾಡಿಸಿ

ನಮ್ಮ ಕಾಸರಗೋಡಿನ ಬದಿಯಡ್ಕ ಕಡೆ ಮೂಗು ಕಟ್ಟುವುದನ್ನು ಯಾರೂ ಕಾಯಿಲೆ ಅಂತ ಲೆಕ್ಕಕ್ಕೇ ಇಟ್ಟಿಲ್ಲ. ಅಡಿಕೆ ಸುಲಿಯುವ ಧೂಳು, ಬಿಡದ ಮಳೆ, ಪಾಚಿ ಹಿಡಿದ ಗೋಡೆ, ಇದರ ಮಧ್ಯೆ ಯಾರ ಮೂಗು ತಾನೆ ಸರಿ ಇರುತ್ತದೆ ಹೇಳಿ. ಅಕ್ಕನ ಮಗನದ್ದೂ ಹಾಗೇ ಅಂದುಕೊಂಡೆವು. ಆಗ ಅವನಿಗೆ ಏಳು ವರ್ಷ. ಬಾಯಿ ತೆರೆದೇ ಮಲಗುತ್ತಿದ್ದ, ಗೊರಕೆಯಂತೂ ಅಜ್ಜನಿಗಿಂತ ಜೋರು.

ಒಂದು ದಿನ ಜಗಲಿಯಲ್ಲಿ ಕೂರಿಸಿ, ಮೂಗಿನ ತುದಿ ಮೇಲೆತ್ತಿ, ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಎರಡೂ ಹೊಳ್ಳೆಯೊಳಗೆ ಏನೋ ನುಣ್ಣಗೆ ಹೊಳೆಯುತ್ತಿತ್ತು. ಈರೋಳು, ಅಂದರೆ ತಾಟಿನಿಂಗು ಬಿಡಿಸಿದಾಗ ತಿರುಳು ಇರುತ್ತಲ್ವಾ, ಮಾಸಲು ಬಿಳಿ, ಅರ್ಧ ಪಾರದರ್ಶಕ, ಥೇಟ್ ಹಾಗೆ. ಶೀತಕ್ಕೆ ಮೂಗಿನ ಒಳಭಾಗ ಊದಿದರೆ ಕೆಂಪಗಿರುತ್ತದೆ, ಮುಟ್ಟಿದರೆ ನೋಯುತ್ತದೆ. ಇದು ಕೆಂಪೂ ಇಲ್ಲ, ನೋವೂ ಇಲ್ಲ. ಡಾಕ್ಟರು ಪಾಲಿಪ್ ಅಂದರು. ನಾವು ದುರ್ಮಾಂಸ ಅನ್ನುತ್ತೇವೆ, ಪಕ್ಕದ ಮನೆಯ ಚೇಚಿ ಮಲಯಾಳದಲ್ಲಿ 'ದಶ' ಅಂದರು. ಅಜ್ಜಿಗೆ ಅದು ಶನಿ ದಶೆ ಅಂತ ಕೇಳಿಸಿ, ಜಾತಕ ಹುಡುಕೋಕೆ ಹೊರಟಿದ್ದರು!

ಆಪರೇಷನ್ ಆಯ್ತು. ಅಲರ್ಜಿ ಅಂದರು, ಸ್ಪ್ರೇ ಕೊಟ್ಟರು. ವರ್ಷ ಕಳೆಯುವಷ್ಟರಲ್ಲಿ ಮತ್ತೆ ಬೆಳೆಯಿತು.

ಮಂಗಳೂರಿನಲ್ಲಿ ಇನ್ನೊಬ್ಬ ಡಾಕ್ಟರು ಮೂಗು ನೋಡಿದ್ದು ಎರಡು ನಿಮಿಷ. ಆಮೇಲೆ ಕೇಳಿದ್ದೆಲ್ಲ ಬೇರೆಯೇ. ಆಗಾಗ ಕಫ ಆಗುತ್ತಾ? ತಿಂದಷ್ಟು ಮೈಗೆ ಹತ್ತುತ್ತಾ? ಕಕ್ಕಸಿಗೆ ಹೋದರೆ ಜಿಡ್ಡುಜಿಡ್ಡು, ತುಂಬಾ ವಾಸನೆ ಇದೆಯಾ? ಬೆವರು ತೀರಾ ಉಪ್ಪಾ? ಅಕ್ಕ ಅಲ್ಲೇ ಅಳೋಕೆ ಶುರು ಮಾಡಿದಳು. ಯಾಕೆಂದರೆ ಅವನು ಬಾಣಂತಿ ಕೋಣೆಯಲ್ಲಿದ್ದಾಗಲೇ ಅಜ್ಜಿ ಹೇಳಿದ್ದರು, "ಈ ಮಗುವಿಗೆ ಮುತ್ತು ಕೊಟ್ಟರೆ ಉಪ್ಪಿನಕಾಯಿ ಭರಣಿ ನೆಕ್ಕಿದ ಹಾಗೆ" ಅಂತ. ನಾವೆಲ್ಲ ನಕ್ಕಿದ್ದೆವು. ಬೇಸಿಗೆಯಲ್ಲಿ ಅವನ ಕಪ್ಪು ಟೋಪಿಯ ಅಂಚಿಗೆ ಬಿಳಿ ಪುಡಿ ಕಟ್ಟುತ್ತಿತ್ತು. ಅದನ್ನೂ ಸುಮ್ನೆ ಒಗೆದು ಹಾಕಿದ್ದೆವು.

ಬೆವರು ಪರೀಕ್ಷೆಗೆ ಚುಚ್ಚುವುದಿಲ್ಲ. ತೋಳಿಗೆ ಪೈಲೋಕಾರ್ಪಿನ್ ಅನ್ನೋ ಔಷಧಿ ಹಚ್ಚಿ, ತುಸುವೇ ತುಸು ಕರೆಂಟ್ ಕೊಟ್ಟು ಬೆವರು ಬರಿಸಿ, ಅರ್ಧ ಗಂಟೆ ಸಂಗ್ರಹಿಸುತ್ತಾರೆ. ಅದರಲ್ಲಿ ಉಪ್ಪಿನ ಅಂಶವಾದ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಜಾಸ್ತಿ ಇದ್ದರೆ ಸಿಸ್ಟಿಕ್ ಫೈಬ್ರೋಸಿಸ್ ಅನ್ನೋ ಹುಟ್ಟಿನಿಂದಲೇ ಬರುವ ಕಾಯಿಲೆ ಕಡೆಗೇ ಬೆರಳು. ಇವನದ್ದು ಅದಕ್ಕಿಂತ ಎಷ್ಟೋ ಮೇಲಿತ್ತು. ಸಿಎಫ್‌ಟಿಆರ್ ಅನ್ನೋ ಜೀನ್ ಕೆಟ್ಟು ಉಪ್ಪು-ನೀರಿನ ಸಾಗಾಟ ತಪ್ಪುತ್ತದೆ, ಶ್ವಾಸಕೋಶ, ಮೇದೋಜೀರಕ, ಸೈನಸ್ ಎಲ್ಲ ಕಡೆ ಲೋಳೆ ಗಟ್ಟಿಯಾಗುತ್ತದೆ. ಈ ಜೀನ್ ಪತ್ತೆಯಾಗಿದ್ದೇ 1989ರಲ್ಲಿ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಯಿಲೆ, ಹಾಗಾಗಿ ಅಕ್ಕನ ಅತ್ತೆ "ನೀನು ಫ್ರಿಜ್ ನೀರು ಕುಡಿಸಿ ಹೀಗಾಯ್ತು" ಅನ್ನೋದನ್ನ ಇನ್ನಾದರೂ ನಿಲ್ಲಿಸಬೇಕು. ಅವರು ಇದನ್ನು ಓದುತ್ತಾರೆ ಅಂತ ಗೊತ್ತಿದ್ದೇ ಬರೆದೆ.

ನನ್ನ ಸಿಟ್ಟು ಒಂದೇ. ದೊಡ್ಡವರಿಗೆ ಪಾಲಿಪ್ ಬಂದರೆ ಅಲರ್ಜಿ, ಆಸ್ತಮಾ ಅನ್ನಿ, ಒಪ್ಪುತ್ತೇನೆ. ಹತ್ತು ವರ್ಷದೊಳಗಿನ ಮಗುವಿಗೆ ಎರಡೂ ಕಡೆ ಪಾಲಿಪ್ ಬರುವುದೇ ಅಪರೂಪ. ಬಂದರೆ ಮೊದಲ ಸಲವೇ ಬೆವರು ಪರೀಕ್ಷೆ ಮಾಡಿಸಬೇಕಿತ್ತು. ಮೂಗು ನೋಡುವವರು ಮೂಗು, ಕಫ ನೋಡುವವರು ಕಫ, ಹೊಟ್ಟೆ ನೋಡುವವರು ಹೊಟ್ಟೆ. ಇಡೀ ಹುಡುಗನನ್ನು ನೋಡಿದ್ದು ಅಜ್ಜಿ ಒಬ್ಬರೇ! ಹಾಗಂತ ಮೂಗು ಕಟ್ಟಿದ ಮಕ್ಕಳನ್ನೆಲ್ಲ ಮಂಗಳೂರಿಗೆ ಓಡಿಸಬೇಡಿ, ಹೆಚ್ಚಿನವರದ್ದು ಶೀತ ಅಥವಾ ಅಡೆನಾಯ್ಡ್, ಅಂದರೆ ಮೂಗಿನ ಹಿಂದಿನ ಗ್ರಂಥಿ ಊದಿದ್ದು. ಒಂದೇ ಕಡೆ ಗೆಡ್ಡೆ ಇದ್ದರೆ ಅದರ ಕಾರಣ ಬೇರೆ ಇರಬಹುದು, ಕಡ್ಡಿ ಹಾಕಿ ಕೆದಕಬೇಡಿ, ತೋರಿಸಿ.

ಈಗ ಊಟದ ಜೊತೆ ಜೀರ್ಣಕ್ಕೆ ಎನ್‌ಜೈಮ್ ಮಾತ್ರೆ, ದಿನಾ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ಪಾಲಿಪ್ ಮತ್ತೆ ಬರಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ. ಮೊನ್ನೆ ಅಕ್ಕ ಹಲಸಿನ ಹಪ್ಪಳ ಕರಿಯುತ್ತಿದ್ದಳು. ಇವನು ಪಕ್ಕದಲ್ಲೇ ಕೂತು, ವಾಸನೆಯೇ ಬಾರದವನ ಹಾಗೆ, "ಅಮ್ಮ, ತಿನ್ನೋಕೆ ಏನಿದೆ?" ಅಂದ. ಅವಳು ಒಲೆ ಆರಿಸಿ ಟಾರ್ಚ್ ತಂದಳು.