ಕಾಕಾನ ಬಂದೂಕಿಗೆ ಚುನಾವಣೆ ರಜೆ

ಮುಧೋಳದ ಕಡೆ ನಮ್ಮ ಕಾಕಾನ ಮನೆಯಲ್ಲಿ ಜೋಡಿ ನಳಿಗೆಯ ಬಂದೂಕು ಒಂದಿದೆ. ಅದು ಹೊರಗೆ ಬರುವುದು ಎರಡೇ ಕಾರಣಕ್ಕೆ. ಒಂದು ಖಂಡೇನವಮಿ ಪೂಜೆ, ಇನ್ನೊಂದು ಚುನಾವಣೆ.

ಲೈಸೆನ್ಸ್ ತೆಗೆದುಕೊಂಡದ್ದು ಬೆಳೆ ಕಾಯಲು. ಆದರೆ ಕಬ್ಬಿಗೆ ಹಂದಿ ನುಗ್ಗಿದರೆ ಕಾಕಾ ತಗಡಿನ ಡಬ್ಬಿ ಬಡಿಯುತ್ತಾನೆ. "ಹಂದಿ ಹೊಡಿಯಾಕ ಅರಣ್ಯ ಇಲಾಖೆದವ್ರನ್ನ ಕೇಳಬೇಕು ತಮ್ಮಾ. ಡಬ್ಬಿ ಬಡಿಯಾಕ ಯಾರನ್ನೂ ಕೇಳಬೇಕಾಗಿಲ್ಲ." ಬಂದೂಕು ಕಪಾಟಿನಲ್ಲಿ, ಕಾಡತೂಸು ಬೇರೆ ಟ್ರಂಕಿನಲ್ಲಿ, ಎರಡರ ಕೀಲಿಯೂ ಕಾಕುವಿನ ಸೆರಗಿನ ಗಂಟಿನಲ್ಲಿ. ಕಳ್ಳ ಬಂದರೆ ಮೊದಲು ಕಾಕುವನ್ನು ಎಬ್ಬಿಸಬೇಕು.

ಅದೇ ಊರಿನ ಲೀಡರ್ ಸಾಹೇಬರದು ಬೇರೆ ಕಥೆ. ಅವರ ಬಳಿ ಮೂರಿದ್ದವು. 2019ರಲ್ಲಿ ಕಾಯ್ದೆ ತಿದ್ದಿ, ಒಬ್ಬರಿಗೆ ಎರಡೇ ಅಂದರು. ಮೂರನೆಯದು ಈಗ ಅವರ ಹೆಂಡತಿ ಹೆಸರಲ್ಲಿದೆ. ಪಾಪ, ಅವರು ದೀಪಾವಳಿ ಪಟಾಕಿಗೇ ಕಿವಿ ಮುಚ್ಚಿಕೊಳ್ಳುವವರು. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ ಅಂತ ಅದೇ ತಿದ್ದುಪಡಿ ಹೇಳುತ್ತದೆ. ಸಾಹೇಬರು ಹಾರಿಸಿದಾಗ ಪಂದಲಿನ ತಗಡು ತೂತಾಯಿತು. ಬೀಗರು ಚಪ್ಪಾಳೆ ತಟ್ಟಿದರು.

ಇರಲಿ, ಚುನಾವಣೆಗೆ ಬರೋಣ. ದಿನಾಂಕ ಘೋಷಣೆಯಾದ ಮೂರನೇ ದಿನಕ್ಕೆ ಠಾಣೆಯಿಂದ ಫೋನು, ಚುನಾವಣೆ ಮುಗಿಯುವ ತನಕ ಬಂದೂಕು ತಂದು ಜಮಾ ಮಾಡಿ ಅಂತ. ಕಾಕಾ ನಳಿಗೆಗೆ ಎಣ್ಣೆ ಹಚ್ಚಿ, ಹಳೇ ಧೋತರದಲ್ಲಿ ಸುತ್ತಿ, ಕೂಸಿನ ಹಾಗೆ ನನ್ನ ತೊಡೆಯ ಮೇಲಿಟ್ಟ. ಬೈಕಿನಲ್ಲಿ ಹೊರಟೆವು. ಠಾಣೆಯಲ್ಲಿ ಸಾಲು. ಎಲ್ಲರೂ ಅರವತ್ತು ದಾಟಿದವರು, ಇಬ್ಬರ ಕೈಯಲ್ಲಿ ಬಂದೂಕಿನ ಜೊತೆ ಊರುಗೋಲು. ಪೇದೆ ಕಾಡತೂಸು ಎಣಿಸಿದ. ಎಂಟು. ಹಿಂದಿನ ಚುನಾವಣೆಯಲ್ಲೂ ಎಂಟೇ.

ಕಾಕಾ ಮೆಲ್ಲಗೆ ಕೇಳಿದ, "ಸಾಹೇಬ್ರ, ಭೀಮಾತೀರದಾಗ ಕಂಟ್ರಿ ಪಿಸ್ತೂಲ್ ಇಟ್ಕೊಂಡವ್ರು ಯಾವ ಠಾಣಾಕ್ಕ ಜಮಾ ಮಾಡ್ತಾರ್ರೀ?"

"ಅವ್ರ ಹಂತೇಕ ಲೈಸೆನ್ಸೇ ಇಲ್ಲಲ್ರೀ ಯಜಮಾನ್ರ. ಲೈಸೆನ್ಸ್ ಇಲ್ಲದ್ದನ್ನ ನಾವು ಹ್ಯಾಂಗ ಜಮಾ ಮಾಡ್ಕೋಬೇಕು?"

ಕಾನೂನು ಪ್ರಕಾರ ಸರಿಯಾದ ಮಾತು, ಅಲ್ವಾ?

ವಾಪಸ್ ಬರುವಾಗ ಹಲಗಲಿ ಕಡೆಯ ರಸ್ತೆ ಕಂಡಿತು. 1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಿ ಅಂದಾಗ ಅಲ್ಲಿನ ಬೇಡರು ಆಗಲ್ಲ ಅಂದಿದ್ದರು. ಊರು ಸುಟ್ಟಿತು, ಎಷ್ಟೋ ಜನ ಗಲ್ಲಿಗೇರಿದರು. ಕಾಕಾ ಆ ಕಡೆ ನೋಡಿ ಜೇಬು ಮುಟ್ಟಿಕೊಂಡ. "ಅವ್ರು ಕೊಡಲಿಲ್ಲ, ಲಾವಣಿ ಆತು. ನಾ ಕೊಟ್ಟೆ, ರಸೀದಿ ಆತು."

ಫಲಿತಾಂಶ ಬಂದ ಮೇಲೆ ಬಂದೂಕು ಮನೆಗೆ ಬಂತು, ಕೊರಳಲ್ಲಿ ಠಾಣೆಯ ಚೀಟಿ ಸಮೇತ. ಕಾಕು ಚೀಟಿ ಹರಿಯಲು ಹೋದಳು.

"ಇರ್ಲಿ ಬಿಡ," ಅಂದ ಕಾಕಾ. "ಜಿಲ್ಲಾ ಪಂಚಾಯ್ತಿ ಚುನಾವಣಿ ಇನ್ನೂ ಬಾಕಿ ಐತಿ."