ಕಾಲರಿಗೆ ಕರ್ಚೀಫು ಇಟ್ಟವನು ರೌಡಿಯಲ್ಲ

ಇಂದು ಬೆಳಿಗ್ಗೆ ಮಗಳ ಶಾಲೆಯ ಗೇಟಿನ ಮುಂದೆ ನಡೆದದ್ದನ್ನು ಬರೆಯದೆ ಮಲಗಲಾರೆ. ಊರಿನದೇ ಒಂದು ಖಾಸಗಿ ಶಾಲೆ, ಹೆಸರು ಬೇಡ. ವ್ಯಾನಿನಿಂದ ಮಕ್ಕಳನ್ನು ಇಳಿಸುತ್ತಿದ್ದ ಚಾಲಕರನ್ನು ಅಲ್ಲಿನ ಮೇಲ್ವಿಚಾರಕರೊಬ್ಬರು ತಡೆದು ನಿಲ್ಲಿಸಿದರು. "ಕುತ್ತಿಗೆಗೆ ಏನದು, ರೌಡಿಯ ಹಾಗೆ? ಮೊದಲು ತೆಗೆ" ಎಂದು ಗದರಿದರು. ಐವತ್ತು ದಾಟಿದ ಮನುಷ್ಯನಿಗೆ ಏಕವಚನ! ಮಕ್ಕಳು ಚೀಲ ಹೊತ್ತು ಸಾಲಾಗಿ ನಿಂತು ನೋಡುತ್ತಿದ್ದರು. ಚಾಲಕರು ಒಂದು ಮಾತೂ ಆಡದೆ ಕಾಲರಿನೊಳಗೆ ಸಿಕ್ಕಿಸಿದ್ದ ಕರ್ಚೀಫನ್ನು ಎಳೆದು ಜೇಬಿಗೆ ಹಾಕಿಕೊಂಡರು.

ದರ್ಜಿಯ ಮಗಳು ನಾನು, ನಿಮಗೆಲ್ಲ ಗೊತ್ತು. ಯಾರನ್ನು ಕಂಡರೂ ನನ್ನ ಕಣ್ಣು ಮುಖಕ್ಕಿಂತ ಮೊದಲು ಕಾಲರಿಗೆ ಹೋಗುತ್ತದೆ. ಕರ್ಚೀಫು ಹೊರಬಂದಾಗ ಅವರ ಕಾಲರನ್ನು ನೋಡಿದೆ. ಅಂಗಿಯ ನೀಲಿ ಬಣ್ಣ ಬೆನ್ನಿನಲ್ಲಿ, ಭುಜದಲ್ಲಿ ಮಾಸಿ ಬೂದಿಯಾಗಿತ್ತು. ಎರಡು ಮೂರು ವರ್ಷದ ಅಂಗಿಯೇ ಇರಬೇಕು. ಆದರೆ ಕಾಲರಿನ ಮಡಿಕೆಯಲ್ಲಿ ಒಂದು ನೂಲೂ ಕಿತ್ತಿರಲಿಲ್ಲ, ಕಪ್ಪು ಗೆರೆ ಕೂತಿರಲಿಲ್ಲ. ದಿನವೂ ಅಂಗಿಯನ್ನು ಕಾಪಾಡಿಕೊಂಡು ಬಂದ ಮನುಷ್ಯನ ಕಾಲರು ಅದು. ಅದನ್ನು ಕಾಪಾಡಿದ ಬಟ್ಟೆಯ ತುಂಡಿಗೆ ರೌಡಿತನದ ಹೆಸರು ಕೊಟ್ಟರಲ್ಲ, ಅಲ್ಲಿ ನನಗೆ ತಡೆಯಲಾಗಲಿಲ್ಲ.

ದಾವಣಗೆರೆಯ ಬೇಸಿಗೆಯನ್ನು ಕಂಡವರಿಗೆ ನಾನು ಏನನ್ನೂ ವಿವರಿಸಬೇಕಿಲ್ಲ. ಎಂಜಿನ್ ಸೀಟಿನ ಕೆಳಗೇ ಇರುವ ವ್ಯಾನು, ಒಳಗೆ ಹದಿನೈದು ಮಕ್ಕಳು, ಕಿಟಕಿಯಿಂದ ಬರುವುದು ಬಿಸಿಗಾಳಿ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರು ಕೊರಳಿಗೆ ಟವೆಲ್ ಸುತ್ತಿಕೊಳ್ಳುತ್ತಾರೆ. ಬಸ್ಸಿನ ನಿರ್ವಾಹಕರು ಕಾಲರಿಗೆ ಕರ್ಚೀಫು ಇಡುತ್ತಾರೆ. ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗ ಬಿಸಿಲಿನಲ್ಲಿ ಕಾಯುತ್ತಿದ್ದ ಆಟೋ ಚಾಲಕರ ಕೊರಳನ್ನು ನೆನಪು ಮಾಡಿಕೊಳ್ಳಿ. ಅಷ್ಟೂ ಜನ ರೌಡಿಗಳೇ?

ಕಾಲರು ಹಾಳಾಗುವುದು ಬೆವರಿನಿಂದ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಬೆವರು ಬಹುಪಾಲು ನೀರು, ಜೊತೆಗೆ ಒಂದಿಷ್ಟು ಉಪ್ಪು. ನೀರು ಆರಿಹೋಗುತ್ತದೆ, ಉಪ್ಪು ಒಗೆತದಲ್ಲಿ ಹೋಗುತ್ತದೆ. ಹೋಗದೆ ಉಳಿಯುವುದು ಚರ್ಮದ ಜಿಡ್ಡು. ಅದಕ್ಕೆ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಸೇರುತ್ತದೆ, ಸತ್ತ ಚರ್ಮದ ಪುಡಿ ಸೇರುತ್ತದೆ, ರಸ್ತೆಯ ಧೂಳು ಅದರ ಮೇಲೆ ಕೂರುತ್ತದೆ. ಇವೆಲ್ಲ ಬೆರೆತು ಮಡಿಕೆಯ ಗುಂಟ ಆ ಕಪ್ಪು ಗೆರೆ ಮೂಡುತ್ತದೆ. ಜಿಡ್ಡು ಬಹಳ ದಿನ ಉಳಿದರೆ ಗಾಳಿಗೆ ಹಳದಿಗಟ್ಟುತ್ತದೆ. ಟೆರಿಕಾಟ್ ಬಟ್ಟೆಯಾದರೆ ಇನ್ನೂ ಕಷ್ಟ, ಅದರಲ್ಲಿರುವ ಪಾಲಿಯೆಸ್ಟರ್ ನೂಲು ಎಣ್ಣೆಯನ್ನು ಹಿಡಿದರೆ ಬಿಡುವುದಿಲ್ಲ. ಇನ್ನು ಸವೆತ ಬೇರೆಯದೇ ಕಥೆ. ಗಡ್ಡದ ಮೊಳಕೆ, ಕ್ಷೌರ ಮಾಡಿಸಿದ ಕುತ್ತಿಗೆಯ ಚುಚ್ಚು ಕೂದಲು, ಕೊರಳ ಸರ, ಇವು ದಿನವಿಡೀ ಅದೇ ಮಡಿಕೆಯನ್ನು ಉಜ್ಜುತ್ತಲೇ ಇರುತ್ತವೆ. ಅಂಗಿಯ ಉಳಿದ ಭಾಗವೆಲ್ಲ ಗಟ್ಟಿಯಾಗಿರುವಾಗಲೇ ಕಾಲರು ಹರಿಯುವುದು ಇದಕ್ಕೆ.

ಈ ಎರಡನ್ನೂ ಒಂದು ಕರ್ಚೀಫು ತಡೆಯುತ್ತದೆ. ಅದನ್ನು ಮೂಲೆಯಿಂದ ಮೂಲೆಗೆ ಮಡಿಸಿ, ಎರಡು ಬೆರಳಗಲದ ಪಟ್ಟಿ ಮಾಡಿ, ಕಾಲರಿನ ಒಳಗೆ ಮಡಿಕೆಯ ಅಂಚಿನವರೆಗೆ ಕೂರಿಸಬೇಕು. ಹತ್ತಿಯದೇ ಆಗಬೇಕು, ಬಿಳಿಯದಾದರೆ ಒಳ್ಳೆಯದು. ಹೊಸ ಕೆಂಪು ಕರ್ಚೀಫು ಬೆವರಿಗೆ ಬಣ್ಣ ಬಿಟ್ಟು ಬಿಳಿ ಅಂಗಿಯನ್ನು ಕೆಡಿಸಿದ್ದನ್ನು ನಾನೇ ಕಂಡಿದ್ದೇನೆ. ಸಂಜೆ ಬಂದು ಕರ್ಚೀಫನ್ನು ತೊಳೆದು ಹಾಕಿದರೆ ಬೆಳಗಾಗುವುದರೊಳಗೆ ಒಣಗುತ್ತದೆ. ಹರಿದರೆ ಹೊಸದು ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುತ್ತದೆ. ಅಷ್ಟು ದುಡ್ಡಿನಲ್ಲಿ ಐನೂರು ರೂಪಾಯಿಯ ಅಂಗಿ ಎರಡು ವರ್ಷ ಹೆಚ್ಚು ಬಾಳುತ್ತದೆ. ಇದನ್ನು ಕಂಡುಕೊಂಡವರು ದುಡಿಯುವ ಜನ. ಅವರಿಗೆ ಯಾವ ಶಾಲೆಯೂ ಹೇಳಿಕೊಟ್ಟದ್ದಲ್ಲ.

ನಾನು ಮೇಲ್ವಿಚಾರಕರ ಹತ್ತಿರ ಹೋಗಿ ಕೇಳಿದೆ. "ಮೇಡಂ, ಶಾಲೆ ಎಂದ ಮೇಲೆ ಶಿಸ್ತು ಬೇಡವೇ? ಮಕ್ಕಳು ಇದನ್ನೇ ಕಲಿಯುತ್ತಾರೆ" ಎಂದರು. ಶಿಸ್ತು ಬೇಕು, ನಾನು ಒಪ್ಪುತ್ತೇನೆ. ಆದರೆ ಅದೇ ಶಾಲೆಯಲ್ಲಿ ಸ್ಕೌಟ್ ಮಕ್ಕಳು ಕೊರಳಿಗೆ ಸ್ಕಾರ್ಫು ಕಟ್ಟಿ ಮೆರವಣಿಗೆ ಹೋಗುತ್ತಾರೆ, ಅದು ಶಿಸ್ತಿನ ಗುರುತು. ಮಕ್ಕಳೆಲ್ಲರ ಕೊರಳಿನಲ್ಲಿ ಟೈ ಇದೆ. ಆ ಟೈ ಎಲ್ಲಿಂದ ಬಂತು? ಹದಿನೇಳನೆಯ ಶತಮಾನದಲ್ಲಿ ಯುರೋಪಿನ ಯುದ್ಧಗಳಿಗೆ ಬಂದ ಕ್ರೊಯೇಷಿಯಾದ ಸೈನಿಕರು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆಯಿಂದ. ಫ್ರೆಂಚರು ಅದನ್ನು ಕಂಡು ಮೆಚ್ಚಿ ತಮ್ಮದಾಗಿಸಿಕೊಂಡರು, ಕ್ರವಾಟ್ ಎಂಬ ಹೆಸರೇ ಆ ಜನರಿಂದ ಬಂದದ್ದು. ಸೈನಿಕನ ಕೊರಳ ಬಟ್ಟೆ ಗೌರವದ ಉಡುಪಾಯಿತು, ಚಾಲಕನ ಕೊರಳ ಬಟ್ಟೆ ಮಾತ್ರ ರೌಡಿಯ ವೇಷವಾಯಿತು. ಬಟ್ಟೆ ಒಂದೇ, ಕೊರಳು ಬೇರೆ. ಶಿಸ್ತಿನ ಮಾತು ಇಲ್ಲಿ ನಿಲ್ಲುವುದಿಲ್ಲ, ಇದು ಬಡವನನ್ನು ಕಂಡಾಗ ಏರುವ ದನಿ.

"ಹರಿದರೆ ಹೊಸದು ತೆಗೆದುಕೊಳ್ಳಲಿ, ಅಂಗಿ ಈಗ ಅಗ್ಗ" ಎಂದರು ಪಕ್ಕದಲ್ಲಿದ್ದ ಇನ್ನೊಬ್ಬ ಪೋಷಕರು. ಯಾರಿಗೆ ಅಗ್ಗ? ಒಂದು ಹತ್ತಿಯ ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರು ಇರುತ್ತದೆ ಎಂಬ ಲೆಕ್ಕವನ್ನು ಪರಿಸರದ ಬಗ್ಗೆ ಬರೆಯುವವರು ಮತ್ತೆ ಮತ್ತೆ ಹೇಳುತ್ತಾರೆ. ಭದ್ರಾ ನಾಲೆಯ ನೀರು ಯಾವಾಗ ಬಿಡುತ್ತಾರೆ ಎಂದು ಕಾಯುವ ಜಿಲ್ಲೆಯವರು ನಾವು. ಮೈಯೆಲ್ಲ ಚೆನ್ನಾಗಿರುವ ಅಂಗಿಯನ್ನು ನಾಲ್ಕು ಬೆರಳಗಲದ ಕಾಲರಿಗಾಗಿ ಎಸೆಯುವುದು ನಮ್ಮ ಮನೆಯಲ್ಲಿ ಪಾಪದ ಕೆಲಸವಾಗಿತ್ತು.

ಅಪ್ಪನ ಅಂಗಡಿ ಚೌಕಿಪೇಟೆಯ ಹತ್ತಿರ ಇತ್ತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ. ಹತ್ತಿ ಗಿರಣಿಯ ಕಾರ್ಮಿಕರು ಪಾಳಿ ಮುಗಿಸಿ ಅಂಗಿಗಳನ್ನು ಕಾಗದದಲ್ಲಿ ಸುತ್ತಿಕೊಂಡು ಬರುತ್ತಿದ್ದರು. ದಿನವಿಡೀ ಬಟ್ಟೆ ನೇಯುವ ಜನ ತಮ್ಮ ಅಂಗಿಯ ಕಾಲರು ತಿರುಗಿಸಿಕೊಡಿ ಎಂದು ಕೇಳಲು ಬರುತ್ತಿದ್ದರು. ಕಾಲರು ತಿರುಗಿಸುವುದು ಎಂದರೆ ಈಗಿನ ಎಷ್ಟೋ ಮಂದಿಗೆ ಅರ್ಥವಾಗದು. ಕಾಲರಿಗೆ ಎರಡು ಪದರ. ಮೇಲಿನ ಪದರ ಮಾತ್ರ ಕುತ್ತಿಗೆಗೆ ತಾಗಿ ಹರಿಯುತ್ತದೆ, ಕೆಳಗಿನದು ಮಡಿಕೆಯೊಳಗೆ ಅಡಗಿ ಹೊಸದರಂತೆ ಉಳಿಯುತ್ತದೆ. ಅಪ್ಪ ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿ, ಪಟ್ಟಿಯಿಂದ ಕಾಲರನ್ನು ಬೇರೆ ಮಾಡಿ, ತಲೆಕೆಳಗು ಮಾಡಿ, ಅದೇ ಗುರುತಿಗೆ ಮತ್ತೆ ಕೂರಿಸುತ್ತಿದ್ದರು. ಒಂದು ಎಳೆ ಆಚೀಚೆಯಾದರೂ ಕಾಲರು ಸೊಟ್ಟಗಾಗುತ್ತದೆ. ಹೊಸ ಅಂಗಿ ಹೊಲಿಯುವುದಕ್ಕಿಂತ ಇದಕ್ಕೆ ತಾಳ್ಮೆ ಹೆಚ್ಚು ಬೇಕು, ಕೂಲಿ ಮಾತ್ರ ತೀರ ಕಡಿಮೆ. ಈಗಿನ ಸಿದ್ಧ ಉಡುಪಿನಲ್ಲಿ ಒಳಗಿನ ಕ್ಯಾನ್ವಾಸನ್ನು ಅಂಟಿನಿಂದ ಹಚ್ಚಿರುತ್ತಾರೆ. ಅಂಟು ಬಿಟ್ಟು ಕಾಲರಿನ ಮೇಲೆ ಗುಳ್ಳೆ ಎದ್ದರೆ ತಿರುಗಿಸಿಯೂ ಪ್ರಯೋಜನವಿಲ್ಲ. ಹಾಗಾಗಿ ಮೊದಲೇ ಕಾಪಾಡಿಕೊಳ್ಳುವುದು ಹಿಂದಿಗಿಂತ ಈಗ ಹೆಚ್ಚು ಅಗತ್ಯ.

ಕಾಲರು ಒಗೆಯುವವರ ಮಾತನ್ನೂ ಆಡಲೇಬೇಕು. ಅಂಗಿ ತೊಡುವವರು ಗಂಡಸರು, ಉಜ್ಜುವ ಕೈ ನಮ್ಮದು. 1827ರಲ್ಲಿ ಅಮೆರಿಕದ ಟ್ರಾಯ್ ಎಂಬ ಊರಿನ ಹಾನಾ ಮಾಂಟೇಗ್ ಎಂಬ ಹೆಂಗಸು, ಕಾಲರೊಂದು ಕೊಳೆಯಾಯಿತೆಂದು ಗಂಡನ ಇಡೀ ಅಂಗಿ ಒಗೆದು ಒಗೆದು ಬೇಸತ್ತು, ಕಾಲರನ್ನೇ ಕತ್ತರಿಸಿ, ಬೇರೆಯಾಗಿ ತೊಳೆದು ಮತ್ತೆ ಕಟ್ಟುವಂತೆ ಮಾಡಿದಳು ಎಂದು ಹೇಳುತ್ತಾರೆ. ಆ ಊರು ಮುಂದೆ ಕಾಲರಿನ ಕಾರ್ಖಾನೆಗಳಿಂದಲೇ ಬೆಳೆದು ಕಾಲರ್ ಸಿಟಿ ಎಂದು ಹೆಸರಾಯಿತು. ಅವಳ ಬೇಸರ ನನಗೆ ಚೆನ್ನಾಗಿ ಗೊತ್ತು. ನಮ್ಮ ಬಡಾವಣೆಯ ಬೋರ್‌ವೆಲ್ ನೀರು ಗಡಸು, ಸೋಪು ಎಷ್ಟು ತಿಕ್ಕಿದರೂ ನೊರೆ ಬಾರದು. ನೀರಿನಲ್ಲಿರುವ ಸುಣ್ಣದ ಅಂಶ ಸೋಪಿನೊಂದಿಗೆ ಸೇರಿ ಬಿಳಿ ಗಸಿಯಾಗಿ ಕಾಲರಿನಲ್ಲೇ ಕೂತುಬಿಡುತ್ತದೆ. ಆಗ ಸಿಟ್ಟಿನಿಂದ ಪ್ಲಾಸ್ಟಿಕ್ ಬ್ರಷ್ ಹಿಡಿದು ತಿಕ್ಕಿದರೆ ಗಡ್ಡ ಮಾಡಬೇಕಿದ್ದ ಸವೆತವನ್ನು ನಾವೇ ಮಾಡಿ ಮುಗಿಸುತ್ತೇವೆ. ಬ್ಲೀಚ್ ಸುರಿದರೆ ಹತ್ತಿಯ ನೂಲು ಬಲ ಕಳೆದುಕೊಳ್ಳುತ್ತದೆ. ಕಲೆ ಹೋಗದ ಅಂಗಿಗೆ ಇಸ್ತ್ರಿ ಹಾಕಿದರೆ ಜಿಡ್ಡು ಕಾದು ನೂಲಿಗೆ ಅಂಟಿಕೊಳ್ಳುತ್ತದೆ. ನಾನು ಮಾಡುವುದು ಇಷ್ಟೇ: ಒಗೆಯುವ ಮೊದಲು ಮಡಿಕೆಗೆ ಪಾತ್ರೆ ತೊಳೆಯುವ ದ್ರವ ಅಥವಾ ಶ್ಯಾಂಪೂ ಹಚ್ಚಿ ಇಪ್ಪತ್ತು ನಿಮಿಷ ಬಿಡುತ್ತೇನೆ, ಆಮೇಲೆ ಬಟ್ಟೆಗೆ ಬಟ್ಟೆಯನ್ನೇ ತಿಕ್ಕುತ್ತೇನೆ. ಹೊಸ ಕಲೆಯಾದರೆ ರಾತ್ರಿ ಸೀಮೆಸುಣ್ಣ ಉಜ್ಜಿ ಇಡುತ್ತೇನೆ, ಅದು ಜಿಡ್ಡನ್ನು ಹೀರಿಕೊಳ್ಳುತ್ತದೆ. ಅಪ್ಪ ಹೇಳಿಕೊಟ್ಟದ್ದು. ಆ ಚಾಲಕರ ಮನೆಯಲ್ಲೂ ಯಾರೋ ಒಬ್ಬರು ಹೀಗೆ ಉಜ್ಜುತ್ತಾರೆ. ಅವರ ಅರ್ಧ ಶ್ರಮವನ್ನು ಉಳಿಸುತ್ತಿದ್ದ ಬಟ್ಟೆಯನ್ನು ಇಂದು ಜೇಬಿಗೆ ಹಾಕಿಸಿದರು.

ನನಗೆ ಇಷ್ಟು ಸಿಟ್ಟು ಬಂದದ್ದಕ್ಕೆ ಇನ್ನೊಂದು ಕಾರಣವಿದೆ. ಇದುವರೆಗೆ ಯಾರಿಗೂ ಹೇಳಿಲ್ಲ.

ನಾನು ಪಿಯುಸಿ ಓದುವಾಗ ಕಾಲೇಜಿನಲ್ಲಿ ಬಹುಮಾನ ವಿತರಣೆ ಇತ್ತು. ಅಪ್ಪ ಅಂಗಡಿಯಿಂದ ನೇರವಾಗಿ ಬಂದಿದ್ದರು, ಕಾಲರಿನೊಳಗೆ ಬಿಳಿ ಕರ್ಚೀಫು. ಗೆಳತಿಯರು ನನ್ನ ಪಕ್ಕದಲ್ಲೇ ಇದ್ದರು. ನಾನು ಅಪ್ಪನನ್ನು ಬಾಗಿಲ ಮರೆಗೆ ಕರೆದು, "ಅಪ್ಪಾ, ಅದನ್ನು ತೆಗೆದು ಒಳಗೆ ಬನ್ನಿ, ಎಲ್ಲರೂ ನೋಡುತ್ತಾರೆ" ಎಂದೆ. ಅವರು ತಕ್ಷಣ ತೆಗೆದು ಜೇಬಿಗೆ ಹಾಕಿಕೊಂಡರು, ಇಂದು ಆ ಚಾಲಕರು ಹಾಕಿಕೊಂಡ ಹಾಗೆಯೇ. ಮೇಲ್ವಿಚಾರಕರನ್ನು ಪ್ರಶ್ನಿಸಿ ಮನೆಗೆ ಬರುವಾಗ ನನ್ನ ಕೈ ನಡುಗುತ್ತಿತ್ತು. ಅವರಾಡಿದ ಮಾತನ್ನು ನಾನು ಮೂವತ್ತು ವರ್ಷಗಳ ಹಿಂದೆಯೇ ಆಡಿದ್ದೆ.

ಶಾಲೆಯ ಆಡಳಿತ ಮಂಡಳಿಗೆ ಪತ್ರ ಬರೆದಿದ್ದೇನೆ, ನಾಳೆ ಕೊಡುತ್ತೇನೆ. ಚಾಲಕರ ಕ್ಷಮೆ ಕೇಳಬೇಕು, ಅದೂ ಮಕ್ಕಳ ಎದುರಿಗೇ ಕೇಳಬೇಕು ಎಂದು ಬರೆದಿದ್ದೇನೆ.

ಸಂಜೆ ಅಪ್ಪನ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಕಾಲೇಜಿನ ಆ ದಿನ ನೆನಪಿದೆಯೇ ಎಂದೂ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಅಂದು ಹಾಕಿಕೊಂಡಿದ್ದು ಹೊಸ ಅಂಗಿ ಕಣಮ್ಮಾ, ಅದಕ್ಕೆ ಕರ್ಚೀಫು ಬೇಕಿರಲಿಲ್ಲ. ನೀನು ಹೇಳಿದ್ದು ಸರಿಯೇ ಇತ್ತು" ಎಂದರು.

ಆ ಅಂಗಿ ನನಗೆ ಗೊತ್ತು. ಹಿಂದಿನ ವಾರವಷ್ಟೇ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅವರು ಅದರ ಕಾಲರು ತಿರುಗಿಸುತ್ತಿದ್ದಾಗ ದೀಪ ಹಿಡಿದುಕೊಂಡು ನಿಂತಿದ್ದವಳು ನಾನೇ.